ಉಪ್ಪು ಬೇಡುವ ಮರಿ, ಸಿಹಿನೀರಿನ ಊರು

ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದರೆ ಸುಮಾರು ಹನ್ನೆರಡು ಕಿಲೋಮೀಟರಿನಲ್ಲೇ ತೆರಕಣಾಂಬಿ ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇದು ತರಕಾರಿಯ ಊರು. ಟೊಮೆಟೊ, ಬೀನ್ಸ್, ಎಲೆಕೋಸಿನ ಮೂಟೆಗಳು, ಬಾಳೆಗೊನೆ ಹೇರಿದ ಗಾಡಿಗಳು, ಕೇರಳ ಮತ್ತು ತಮಿಳುನಾಡಿನ ಕಡೆಗೆ ಹೊರಡಲು ಸಿದ್ಧವಾದ ಲಾರಿಗಳು. ಮಾರುಕಟ್ಟೆಯ ಗದ್ದಲ ದಾಟಿ ಊರೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಬೇರೆಯದೇ ಒಂದು ತೆರಕಣಾಂಬಿ ಎದುರಾಗುತ್ತದೆ. ಹಳೆಯ ಕಲ್ಲಿನ ಕಂಬಗಳು, ಲಕ್ಷ್ಮೀವರದರಾಜ ಸ್ವಾಮಿಯ ದೇಗುಲ, ಒಂದು ಕಾಲದ ದೊಡ್ಡಸ್ತಿಕೆಯನ್ನು ನೆನಪಿಸುವ ಅವಶೇಷಗಳು. ವಿಜಯನಗರದ ಕಾಲದಲ್ಲಿ ಇದು ಈ ಸೀಮೆಯ ಮುಖ್ಯ ಪಟ್ಟಣವಾಗಿತ್ತು. 'ಸನತ್ಕುಮಾರ ಚರಿತೆ' ಮತ್ತು 'ಜೀವಂಧರ ಸಾಂಗತ್ಯ'ಗಳನ್ನು ಬರೆದ, ಹದಿನೈದನೆಯ ಶತಮಾನದ ಜೈನಕವಿ ಬೊಮ್ಮರಸ 'ತೆರಕಣಾಂಬಿಯ ಬೊಮ್ಮರಸ' ಎಂದೇ ಸಾಹಿತ್ಯ ಚರಿತ್ರೆಯಲ್ಲಿ ಹೆಸರಾಗಿದ್ದಾನೆ.

ಸಮೀಪದಲ್ಲಿ ತ್ರಿಯಂಬಕಪುರದ ತ್ರಿಯಂಬಕೇಶ್ವರ, ಹುಲುಗನಮುರಡಿಯ ವೆಂಕಟರಮಣ. ದೂರದಲ್ಲಿ ಮಂಜು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅದರಾಚೆ ನೀಲಗಿರಿ. ಆ ಬೆಟ್ಟಗಳು ಮುಂಗಾರಿನ ಮೋಡಗಳನ್ನು ತಮ್ಮಲ್ಲೇ ಹಿಂಡಿಕೊಂಡು, ಉಳಿದಷ್ಟನ್ನು ಮಾತ್ರ ಇತ್ತ ಕಳಿಸುತ್ತವೆ. ಹೀಗೆ ಮಳೆಯ ನೆರಳಿನಲ್ಲಿ ಕುಳಿತ ಈ ಊರಿಗೆ ನೀರೆಂದರೆ ಕೆರೆ. ಕೆರೆ ಬತ್ತಿದಾಗ ಕೊಳವೆಬಾವಿ.

ಈ ಕೆರೆಯ ದಂಡೆಯಲ್ಲಿ ನಿಂತು ಕೇಳಬಹುದಾದ ಪ್ರಶ್ನೆಯೊಂದಿದೆ. ಮೇಲುನೋಟಕ್ಕೆ ಅದು ಮಕ್ಕಳ ಒಗಟಿನಂತೆ ಕಾಣುತ್ತದೆ. ಸಿಹಿನೀರಿನ ಕೆರೆಯಲ್ಲಿ ಸಿಹಿನೀರಿನ ದೊಡ್ಡ ಸೀಗಡಿಯನ್ನು ತಂದು ಬಿಟ್ಟರೆ ಅದು ಬದುಕುತ್ತದೆ, ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಕೆರೆಯಲ್ಲಿ ಅದರ ಸಂತತಿ ಮಾತ್ರ ಎಂದೂ ಬೆಳೆಯುವುದಿಲ್ಲ. ಏಕೆ?

ಉತ್ತರ ಒಂದೇ ಪದದಲ್ಲಿದೆ: ಉಪ್ಪು.

ಮೊಟ್ಟೆಯೊಡೆದ ಮೇಲಿನ ಐದು ದಿನ

ಸಾಕಣೆದಾರರು 'ಸ್ಕ್ಯಾಂಪಿ' ಎಂದು ಕರೆಯುವ ಈ ಸೀಗಡಿಯ ವೈಜ್ಞಾನಿಕ ಹೆಸರು ಮ್ಯಾಕ್ರೋಬ್ರೇಕಿಯಮ್ ರೋಸೆನ್‌ಬರ್ಗಿ. ಗಂಡು ಸೀಗಡಿಯ ನೀಲಿ ಬಣ್ಣದ ಉದ್ದನೆಯ ತೋಳುಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಬಲಿತ ದೊಡ್ಡ ಹೆಣ್ಣು ಒಂದು ಬಾರಿಗೆ ಎಂಬತ್ತು ಸಾವಿರದಿಂದ ಲಕ್ಷದವರೆಗೆ ಮೊಟ್ಟೆಗಳನ್ನಿಟ್ಟು, ಅವುಗಳನ್ನು ಹೊಟ್ಟೆಯ ಕೆಳಗಿನ ಈಜುಗಾಲುಗಳಿಗೆ ಅಂಟಿಸಿಕೊಂಡು ಸುಮಾರು ಮೂರು ವಾರ ಹೊತ್ತು ತಿರುಗುತ್ತದೆ. ಮೊದಲು ಕಿತ್ತಳೆ ಬಣ್ಣದಲ್ಲಿದ್ದ ಮೊಟ್ಟೆಗಳು ಒಳಗಿನ ಮರಿ ಬೆಳೆದಂತೆ ಬೂದುಬಣ್ಣಕ್ಕೆ ತಿರುಗುತ್ತವೆ.

ಮೊಟ್ಟೆಯೊಡೆದು ಹೊರಬರುವುದು ಸೀಗಡಿಯ ಪುಟ್ಟ ಪ್ರತಿರೂಪವಲ್ಲ. ಅದೊಂದು ಡಿಂಭ. ತಲೆಕೆಳಗಾಗಿ, ಬಾಲ ಮುಂದಾಗಿ ನೀರಿನಲ್ಲಿ ತೇಲಿ ಈಜುವ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವ. ಹನ್ನೊಂದು ಹಂತಗಳನ್ನು ದಾಟಿದ ಮೇಲೆಯೇ ಅದಕ್ಕೆ ಸೀಗಡಿಯ ರೂಪ. ಇಷ್ಟೂ ದಿನ ಅದಕ್ಕೆ ಬೇಕಾದದ್ದು ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರು, ಅಂದರೆ ಸಮುದ್ರದ ನೀರಿನ ಮೂರನೆಯ ಒಂದು ಭಾಗದಷ್ಟು ಉಪ್ಪು. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಸಿಗುವ ನೀರು ಇಂಥದೇ. ಸಿಹಿನೀರಿನಲ್ಲಿಯೇ ಉಳಿದುಬಿಟ್ಟರೆ ಡಿಂಭಗಳು ನಾಲ್ಕೈದು ದಿನಗಳಲ್ಲಿ ಸತ್ತುಹೋಗುತ್ತವೆ. ರೂಪಾಂತರ ಮುಗಿದ ಮರಿಗಳಾದರೋ ಉಪ್ಪಿನ ಹಂಗು ಕಳಚಿಕೊಂಡು ನದಿಯ ಮೇಲ್ಮುಖವಾಗಿ ಸಿಹಿನೀರಿನ ಕಡೆಗೆ ನಡೆದು ಬರುತ್ತವೆ.

ಇಂದು ಪಠ್ಯದ ಸಾಲಿನಷ್ಟು ಸರಳವಾಗಿ ಕಾಣುವ ಈ ಸಂಗತಿ 1961ರವರೆಗೆ ಜಗತ್ತಿಗೆ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆ ವರ್ಷ ಮಲೇಷ್ಯಾದ ಪಿನಾಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ಷಾವೊ-ವೆನ್ ಲಿಂಗ್ ಎಂಬ ವಿಜ್ಞಾನಿ, ಡಿಂಭಗಳು ಉಳಿಯಬೇಕಾದರೆ ನೀರಿನಲ್ಲಿ ಉಪ್ಪಿರಬೇಕೆಂದು ಕಂಡುಕೊಂಡರು. ಏನು ತಿನ್ನಿಸಿದರೂ ಮರಿಗಳು ಸಾಯುತ್ತಿದ್ದಾಗ, ಬೇಸತ್ತ ಅವರು ಊಟದ ಮೇಜಿನ ಮೇಲಿದ್ದ ಸೋಯಾ ಸಾಸನ್ನೂ ಹಾಕಿ ನೋಡಿದರು, ಅದರಲ್ಲಿದ್ದ ಉಪ್ಪೇ ಸುಳಿವು ಕೊಟ್ಟಿತು ಎಂಬ ಕಥೆಯನ್ನು ಮತ್ಸ್ಯವಿಜ್ಞಾನಿಗಳು ಇಂದಿಗೂ ಹೇಳುತ್ತಾರೆ. ಬಳಿಕ ಹವಾಯಿಯಲ್ಲಿ ತಾಕುಜಿ ಫ್ಯೂಜಿಮುರಾ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ವಿಧಾನ ರೂಪಿಸಿದರು. ಸೀಗಡಿಮರಿ ಕೇಂದ್ರಗಳು ಹುಟ್ಟಿದ್ದು ಹೀಗೆ.

ತೆರಕಣಾಂಬಿಯಿಂದ ಕಡಲಿಗೆ ಎಷ್ಟು ದೂರ?

ರಸ್ತೆಯಲ್ಲಿ ಹೋಗುವುದಾದರೆ ಗುಂಡ್ಲುಪೇಟೆ, ವಯನಾಡು ಘಾಟಿ ದಾಟಿ ಕೋಳಿಕ್ಕೋಡಿಗೆ ಸುಮಾರು 160 ಕಿಲೋಮೀಟರು. ಆದರೆ ನೀರಿಗೆ ಘಾಟಿ ಹತ್ತಲು ಬಾರದು. ಗುಂಡ್ಲುಪೇಟೆ ಸೀಮೆಯಲ್ಲಿ ಬಿದ್ದ ಮಳೆ ಗುಂಡ್ಲು ಹೊಳೆ ಹಿಡಿದು ಉತ್ತರಕ್ಕೆ ಸರಿದು ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕೂಡುತ್ತದೆ. ಅಲ್ಲಿಂದ ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ. ಮುಂದೆ 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟೆ. ಅದರಾಚೆ ಚೋಳರ ಕಾಲದ ಕಲ್ಲಣೆ. ಕೊನೆಗೆ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿ.

ಪಶ್ಚಿಮದ ಕಡಲು ಅಷ್ಟು ಹತ್ತಿರವಿದ್ದರೂ ಇಲ್ಲಿನ ನೀರು ಪೂರ್ವದ ಕಡಲಿಗೇ ಹೋಗಬೇಕು. ಮೊಟ್ಟೆ ಹೊತ್ತ ತಾಯಿ ಸೀಗಡಿ ಇಷ್ಟು ದಾರಿ ಇಳಿಯುವುದಾಗಲಿ, ಹೆಬ್ಬೆರಳಿಗಿಂತ ಚಿಕ್ಕ ಮರಿ ಇಷ್ಟು ಕಟ್ಟೆ, ಜಲಪಾತಗಳನ್ನು ಹತ್ತಿ ಬರುವುದಾಗಲಿ ಸಾಧ್ಯವೇ? ಅದಕ್ಕೇ ಸಮುದ್ರಮಟ್ಟದಿಂದ ಎಂಟುನೂರು ಮೀಟರಿನ ಆಸುಪಾಸಿನಲ್ಲಿರುವ ಈ ಸೀಮೆಯಲ್ಲಿ ಸ್ಕ್ಯಾಂಪಿ ಬೆಳೆಸಬಯಸುವವರು ಪ್ರತಿ ಸಲವೂ ಕರಾವಳಿಯ ಮರಿ ಕೇಂದ್ರಗಳಿಂದಲೇ ಮರಿ ತರಿಸಬೇಕು. ಆ ಕೇಂದ್ರಗಳು ಡಿಂಭಗಳನ್ನು ಉಪ್ಪುನೀರಿನಲ್ಲಿ ಸಾಕಿ, ಮರಿಯಾದ ಮೇಲೆ ಹಲವು ಗಂಟೆಗಳ ಅವಧಿಯಲ್ಲಿ ನಿಧಾನವಾಗಿ ಸಿಹಿನೀರು ಬೆರೆಸಿ ಒಗ್ಗಿಸುತ್ತವೆ. ನಂತರ ಪ್ಲಾಸ್ಟಿಕ್ ಚೀಲದಲ್ಲಿ ನೀರು ಮತ್ತು ಆಮ್ಲಜನಕ ತುಂಬಿ ಕಳಿಸುತ್ತವೆ.

ಕೆರೆಯ ದಂಡೆಗೆ ಬಂದ ಚೀಲವನ್ನು ಬಿಚ್ಚಿ ಒಮ್ಮೆಗೇ ಸುರಿದುಬಿಟ್ಟರೆ ಬಂದ ಮರಿಗಳಲ್ಲಿ ಬಹುಪಾಲು ಸಾಯಬಹುದು. ಚೀಲವನ್ನು ಕಟ್ಟಿದಂತೆಯೇ ಕೆರೆಯ ನೀರಿನಲ್ಲಿ ಕಾಲುಗಂಟೆ ತೇಲಬಿಟ್ಟು ಉಷ್ಣತೆ ಸರಿದೂಗಿಸಬೇಕು. ಬಳಿಕ ಕೆರೆಯ ನೀರನ್ನು ಸ್ವಲ್ಪಸ್ವಲ್ಪವೇ ಚೀಲದೊಳಕ್ಕೆ ಬೆರೆಸಬೇಕು. ಹೊಸ ನೀರಿನ ಉಪ್ಪು, ಗಡಸುತನ, ಆಮ್ಲೀಯತೆಗಳಿಗೆ ಮರಿಯ ಮೈ ಹೊಂದಿಕೊಳ್ಳಲು ಹೊತ್ತು ಬೇಕು. ದೊಡ್ಡವರಿಗೆ ಅರ್ಧ ಗಂಟೆಯ ತಾಳ್ಮೆ; ಮರಿಗೆ ಜೀವ.

ಕಿವಿರುಗಳೆಂಬ ಪಂಪುಗಳು

ಉಪ್ಪು ಮರಿಯ ಮೈಯಲ್ಲಿ ಮಾಡುವ ಕೆಲಸವೇನು? ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಸೌತೆಕಾಯಿಯ ಹೋಳಿಗೆ ಉಪ್ಪು ಹಚ್ಚಿದರೆ ನೀರು ಬಿಡುತ್ತದೆ. ಅಡುಗೆಮನೆಯಲ್ಲಿ ದಿನವೂ ನಡೆಯುವ ಈ ಪರಾಸರಣವೇ ಸೀಗಡಿಯ ಬದುಕಿನ ಮುಖ್ಯ ಪ್ರಶ್ನೆ.

ಸಿಹಿನೀರಿನಲ್ಲಿರುವ ಸೀಗಡಿ, ಏಡಿ, ಕ್ರೇಫಿಶ್ ಇವುಗಳ ರಕ್ತ ಸುತ್ತಲಿನ ನೀರಿಗಿಂತ ಎಷ್ಟೋ ಪಾಲು ಹೆಚ್ಚು ಉಪ್ಪಾಗಿರುತ್ತದೆ. ಆದ್ದರಿಂದ ನೀರು ಎಡೆಬಿಡದೆ ಒಳನುಗ್ಗುತ್ತದೆ; ಉಪ್ಪು ಹೊರಸೋರುತ್ತದೆ. ಹೆಚ್ಚಾದ ನೀರನ್ನು ಮೂತ್ರವಾಗಿ ಹೊರಹಾಕಬೇಕು. ಸೋರಿದ ಉಪ್ಪನ್ನು ನೀರಿನಿಂದ ಹೆಕ್ಕಿ ಒಳಗೆಳೆದುಕೊಳ್ಳಬೇಕು. ಈ ಎಳೆದುಕೊಳ್ಳುವ ಕೆಲಸ ಕಿವಿರಿನ ವಿಶೇಷ ಜೀವಕೋಶಗಳದ್ದು. ತೋಟದ ಪಂಪಿಗೆ ವಿದ್ಯುತ್ತು ಬೇಕಾದಂತೆ ಈ ಪಂಪುಗಳಿಗೂ ಶಕ್ತಿ ಬೇಕು. ಆ ಶಕ್ತಿ ಬರುವುದು ತಿಂದ ಆಹಾರದಿಂದ. ಪಂಪಿಗೆ ಹೆಚ್ಚು ಖರ್ಚಾದರೆ ಬೆಳವಣಿಗೆಗೆ ಉಳಿಯುವುದು ಕಡಿಮೆ.

ಸುತ್ತಲಿನ ನೀರಿನಲ್ಲಿ ಉಪ್ಪು ಏರುತ್ತ ಹೋಗಿ ರಕ್ತದ ಉಪ್ಪಿಗೆ ಸಮನಾದಾಗ ಪಂಪಿನ ಹೊರೆ ಇಳಿಯುತ್ತದೆ. ಅದನ್ನೂ ಮೀರಿದರೆ ಆಟ ತಿರುವುಮುರುವು. ಈಗ ಮೈಯೊಳಗಿನ ನೀರು ಹೊರಹೋಗತೊಡಗುತ್ತದೆ. ಉಪ್ಪನ್ನು ಒಳಗೆಳೆಯಲು ಪಳಗಿದ ಕಿವಿರಿಗೆ ಅದನ್ನು ಹೊರದೂಡುವುದು ಸುಲಭವಲ್ಲ. ಬಲಿತ ಪ್ರಾಣಿ ಕೆಲಕಾಲ ತಡೆದುಕೊಂಡೀತು. ಮರಿಯ ಕಥೆ ಬೇರೆ. ತೂಕಕ್ಕೆ ಹೋಲಿಸಿದರೆ ಅದರ ಮೈಯ ಹೊರಮೈ ಬಹಳ ದೊಡ್ಡದು, ಚಿಪ್ಪು ತೆಳು, ಪೊರೆ ಕಳಚುವುದು ಪದೇಪದೇ. ಪೊರೆ ಕಳಚಿದ ಗಳಿಗೆಯಲ್ಲಂತೂ ಅದು ಬರಿಮೈ. ಹಾಗಾಗಿ ನೀರಿನ ಯಾವ ಏರುಪೇರೂ ಮೊದಲು ತಟ್ಟುವುದು ಮರಿಗೆ.

ಗದ್ದೆಯ ಏಡಿ ಕಲಿಸುವ ಪಾಠ

ಹಾಗಾದರೆ ಕಡಲಿನಿಂದ ದೂರವಿರುವ ಊರುಗಳಲ್ಲಿ ಇಂಥ ಜೀವಿಗಳೇ ಇಲ್ಲವೇ? ಇವೆ. ಹೊಲದ ಬದುವಿನಲ್ಲಿ, ಹಳ್ಳದ ಕಲ್ಲಿನ ಕೆಳಗೆ ಏಡಿ ಹಿಡಿದ ಹಳ್ಳಿಯ ಮಕ್ಕಳು ಕೆಲವೊಮ್ಮೆ ತಾಯಿ ಏಡಿಯ ಹೊಟ್ಟೆಯ ಮಡಿಕೆ ಬಿಡಿಸಿ ಬೆರಗಾಗಿರುತ್ತಾರೆ. ಅದರೊಳಗೆ ಕಾಳಿನಷ್ಟು ಗಾತ್ರದ, ಕಾಲು, ಕೊಂಡಿ ಎಲ್ಲವೂ ಇರುವ ಪೂರ್ಣ ಏಡಿಮರಿಗಳು! ಸಿಹಿನೀರಿನ ಏಡಿಯ ಮರಿಗೆ ತೇಲುವ ಡಿಂಭದ ಹಂತವೇ ಇಲ್ಲ. ಆ ಬಾಲ್ಯವೆಲ್ಲ ಮೊಟ್ಟೆಯೊಳಗೇ ಮುಗಿದಿರುತ್ತದೆ. ಮೊಟ್ಟೆಗಳ ಸಂಖ್ಯೆ ಲಕ್ಷದ ಲೆಕ್ಕದಲ್ಲಿಲ್ಲ; ಆದರೆ ಒಂದೊಂದರಲ್ಲೂ ಬುತ್ತಿ ಧಾರಾಳ. ಕಡಲಿನ ಹಂಗು ಹರಿದುಕೊಂಡ ಏಡಿ ಹೀಗೆ ಬೆಟ್ಟದ ಮೇಲಿನ ಹಳ್ಳದವರೆಗೂ ಹತ್ತಿ ಬಂದಿದೆ.

ಇದೇ ಜಾಡಿನಲ್ಲಿ ನಡೆದ ಇನ್ನೊಂದು ಜೀವಿ ಕ್ರೇಫಿಶ್. ಸೀಗಡಿಯ ಉದ್ದನೆಯ ಮೈ, ಏಡಿಯ ದಪ್ಪ ಕೊಂಡಿ. ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ಈ ಒಂದೇ ಪ್ರಾಣಿಯನ್ನು ಮುಂದಿಟ್ಟುಕೊಂಡು ಇಡೀ ಪ್ರಾಣಿಶಾಸ್ತ್ರಕ್ಕೆ ಪ್ರವೇಶಿಕೆಯಂಥ ಪುಸ್ತಕ ಬರೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕ, ಯುರೋಪು, ಆಸ್ಟ್ರೇಲಿಯ, ಮಡಗಾಸ್ಕರ್‌ಗಳಲ್ಲಿ ಇದರ ನೂರಾರು ಪ್ರಭೇದಗಳಿವೆ. ಸೋಜಿಗವೆಂದರೆ ಭಾರತದಲ್ಲಿ ಮೂಲತಃ ಒಂದೂ ಇಲ್ಲ.

ಕ್ರೇಫಿಶ್ ಮರಿಗಳೂ ಮೊಟ್ಟೆಯಿಂದ ತಾಯಿಯ ಪ್ರತಿರೂಪವಾಗಿಯೇ ಹೊರಬಂದು, ಒಂದೆರಡು ಬಾರಿ ಪೊರೆ ಕಳಚುವವರೆಗೆ ತಾಯಿಯ ಈಜುಗಾಲುಗಳನ್ನೇ ಹಿಡಿದು ಜೋತಾಡುತ್ತವೆ. ಅವಕ್ಕೆ ಉಪ್ಪುನೀರು ಬೇಕಿಲ್ಲ. ಆಸ್ಟ್ರೇಲಿಯದ ಕೆಂಗೊಂಡಿ ಕ್ರೇಫಿಶ್‌ನಂಥವು ಅಲ್ಪಸ್ವಲ್ಪ ಉಪ್ಪನ್ನು ಸಹಿಸುತ್ತವೆ ನಿಜ; ಆದರೆ ಉಪ್ಪು ಹೆಚ್ಚಿದಂತೆ ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಅಂದರೆ ಸ್ಕ್ಯಾಂಪಿಯ ಮರಿಗೆ ಉಪ್ಪಿಲ್ಲದಿರುವುದು ಸಾವು. ಕ್ರೇಫಿಶ್ ಮರಿಗೆ ಉಪ್ಪು ಹೆಚ್ಚಾಗುವುದೇ ತೊಡಕು. ಹೊರನೋಟಕ್ಕೆ ನೆಂಟರಂತಿರುವ ಎರಡು ಪ್ರಾಣಿಗಳ ನಡುವೆ ಎಂಥ ಅಂತರ!

ಬೋರಿನ 'ಉಪ್ಪುನೀರು' ಎಷ್ಟು ಉಪ್ಪು?

ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲದ ಅತಿಬಳಕೆಗೆ ಹೆಸರಾದದ್ದು. ಆಳಕ್ಕೆ ಇಳಿದಷ್ಟೂ ಕೊಳವೆಬಾವಿಯ ನೀರು ಬಂಡೆಯ ಲವಣಗಳನ್ನು ಹೆಚ್ಚು ಹೊತ್ತು ತರುತ್ತದೆ. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. 'ನಮ್ಮ ಬೋರಿನದು ಉಪ್ಪುನೀರು' ಎಂದು ಜನ ಹೇಳುವುದು ಇದನ್ನೇ. ಹಾಗಾದರೆ ಸೀಗಡಿಯ ಡಿಂಭಗಳಿಗೆ ಈ ನೀರೇ ಆಗಬಾರದೇಕೆ?

ಲೆಕ್ಕ ನೋಡಬೇಕು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಅರ್ಧ ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 2 ಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಡಿಂಭಕ್ಕೆ ಬೇಕಾದದ್ದು 12 ಗ್ರಾಂ. ನಾಲಿಗೆಗೆ ಸವಳೆನಿಸುವ ಬೋರಿನ ನೀರು ಡಿಂಭಕ್ಕೆ ತೀರ ಸಪ್ಪೆ! ಅದೂ ಅಲ್ಲದೆ ಬೋರಿನ ನೀರಿನ ಲವಣ ಕಡಲಿನ ಲವಣವಲ್ಲ. ಅಲ್ಲಿ ಅಡುಗೆ ಉಪ್ಪಿನ ಅಂಶವೇ ಹೆಚ್ಚು. ಇಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ದರ್ಬಾರು. ಹರಿಯಾಣದ ಸವಳು ಅಂತರ್ಜಲದಲ್ಲಿ ಕಡಲ ಸೀಗಡಿ ಬೆಳೆಸಲು ಹೊರಟವರಿಗೆ ಉಪ್ಪಿನ ಪ್ರಮಾಣ ಸರಿಯಿದ್ದರೂ ಪೊಟ್ಯಾಸಿಯಂ ಸಾಲದೆ, ಅದನ್ನು ಬೇರೆಯಾಗಿ ಬೆರೆಸಬೇಕಾಯಿತು. ಎಷ್ಟು ಉಪ್ಪು ಎಂಬುದರ ಜೊತೆಗೆ ಯಾವ ಉಪ್ಪು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ.

ಬೆಳೆಯುವ ಮರಿಗೆ ಕ್ಯಾಲ್ಸಿಯಂ ಬೇಕು. ಪೊರೆ ಕಳಚಿದ ಮೇಲೆ ಹೊಸ ಚಿಪ್ಪು ಗಟ್ಟಿಯಾಗುವುದು ಅದರಿಂದಲೇ. ಹಾಗೆಂದು ಗಡಸುತನ ಮಿತಿಮೀರಿದರೆ ಸ್ಕ್ಯಾಂಪಿಯ ಬೆಳವಣಿಗೆ ಕುಗ್ಗುತ್ತದೆ, ಚಿಪ್ಪಿನ ಮೇಲೆ ಹಕ್ಕಳೆ ಕಟ್ಟುತ್ತದೆ. ಬೇಸಿಗೆಯಲ್ಲಿ ಕೊಳದ ನೀರು ಅರ್ಧಕ್ಕಿಳಿದರೆ ಅದರಲ್ಲಿ ಕರಗಿದ ಲವಣದ ಸಾಂದ್ರತೆ ಹೆಚ್ಚುಕಡಿಮೆ ಇಮ್ಮಡಿ. ಇಳಿದ ಕೊಳಕ್ಕೆ ಮತ್ತೆ ಬೋರಿನ ನೀರನ್ನೇ ತುಂಬಿದರೆ ಲವಣದ ಮೇಲೆ ಲವಣ. ಕೃಷಿಹೊಂಡದಲ್ಲಿ ಮೀನು, ಸೀಗಡಿ ಸಾಕುವ ಆಸೆಯಿರುವವರು ಮರಿಗೆ ಹಣ ಕೊಡುವ ಮೊದಲು ನೀರಿನ ಪರೀಕ್ಷೆ ಮಾಡಿಸಬೇಕೆನ್ನುವುದು ಇದಕ್ಕೇ. ಈ ಸೀಮೆಯ ಚಳಿಗಾಲದ ತಂಪು ರಾತ್ರಿಗಳೂ ಬಿಸಿನೀರನ್ನೇ ಬಯಸುವ ಸ್ಕ್ಯಾಂಪಿಗೆ ಹಿತವಲ್ಲ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳು ಇಂಥ ಏರುಪೇರನ್ನು ಹೆಚ್ಚು ತಾಳಿಕೊಳ್ಳುತ್ತವೆ.

ಬೀಗವೊಂದು ಇದೆ, ಬೀಗವೊಂದು ಇಲ್ಲ

ಇತ್ತೀಚಿನ ವರ್ಷಗಳಲ್ಲಿ ಈ ಸೀಮೆಯ ಕೆರೆಗಳಿಗೆ ಹೊಸ ಜೀವ ಬಂದಿದೆ. ನಂಜನಗೂಡು ತಾಲ್ಲೂಕಿನ ಆಲಂಬೂರಿನ ಬಳಿ ಕಬಿನಿಯ ನೀರನ್ನು ಮೇಲೆತ್ತಿ ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಕೆರೆಗಳಿಗೆ ಹರಿಸುವ ಏತ ಯೋಜನೆಯಿಂದ, ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಕೆರೆಗಳು ನೀರು ಕಂಡಿವೆ. ಇಳಿದು ಹೋಗಬೇಕಾದ ನೀರು ಕೊಳವೆಯಲ್ಲಿ ಏರಿ ಬಂದಿದೆ. ತುಂಬಿದ ಕೆರೆಯಲ್ಲಿ ಲವಣ ತಿಳಿಯಾಗುತ್ತದೆ, ಸುತ್ತಲಿನ ಬಾವಿಗಳೂ ಚೇತರಿಸಿಕೊಳ್ಳುತ್ತವೆ.

ಆದರೆ ಒಂದು ಕೆರೆಯಿಂದ ಮತ್ತೊಂದಕ್ಕೆ ನೀರು ಹರಿದಲ್ಲೆಲ್ಲ ಜೀವಿಗಳೂ ಹರಿಯುತ್ತವೆ. ಎಚ್ಚರ ಬೇಕಾದದ್ದು ಇಲ್ಲಿ. ನಗರದ ಅಕ್ವೇರಿಯಂ ಅಂಗಡಿಗಳಲ್ಲಿ ನೀಲಿ, ಕೆಂಪು ಬಣ್ಣದ ಕ್ರೇಫಿಶ್‌ಗಳು ಆಟಿಕೆಗಳಂತೆ ಮಾರಾಟಕ್ಕಿರುತ್ತವೆ. ಮಕ್ಕಳು ಹಟ ಮಾಡಿ ಕೊಳ್ಳುತ್ತಾರೆ. ಅದು ಬೆಳೆದು ತೊಟ್ಟಿಯ ಮೀನುಗಳನ್ನೇ ತಿನ್ನತೊಡಗಿದಾಗ, ಕೊಲ್ಲಲು ಮನಸ್ಸು ಬಾರದೆ 'ಪಾಪ, ಎಲ್ಲಾದರೂ ಬದುಕಿಕೊಳ್ಳಲಿ' ಎಂದು ಯಾವುದೋ ಕೆರೆಗೆ ಬಿಡುವವರಿದ್ದಾರೆ. ದಯೆಯಿಂದಲೇ ಮಾಡಿದ ಕೆಲಸ. ಪರಿಣಾಮ ದಯೆಯದಲ್ಲ.

ಕೆರೆಗೆ ಬಿದ್ದ ಸ್ಕ್ಯಾಂಪಿಗೆ ಪ್ರಕೃತಿ ಉಪ್ಪಿನ ಬೀಗ ಹಾಕಿದೆ. ಅದರ ಒಂದು ತಲೆಮಾರು ಮುಗಿದರೆ ಅಲ್ಲಿಗೆ ಮುಗಿಯಿತು. ಕ್ರೇಫಿಶ್‌ಗೆ ಆ ಬೀಗವಿಲ್ಲ. ಅದರ ಮರಿಗಳು ಅದೇ ಕೆರೆಯಲ್ಲಿ ಬೆಳೆದು ಅಲ್ಲಿಯೇ ಮರಿ ಹಾಕಬಲ್ಲವು. ಅಮೆರಿಕದ ಕೆಂಪು ಜೌಗು ಕ್ರೇಫಿಶ್ ಮಣ್ಣಿನಲ್ಲಿ ಬಿಲ ತೋಡುವುದರಲ್ಲಿ ನಿಪುಣ. ಹೋದ ದೇಶಗಳಲ್ಲೆಲ್ಲ ಗದ್ದೆಯ ಬದು, ಕಾಲುವೆಯ ಏರಿಗಳನ್ನು ಜಾಳು ಮಾಡಿದೆ. ಮಣ್ಣಿನ ಏರಿಯನ್ನೇ ನಂಬಿರುವ ನಮ್ಮ ಕೆರೆಗಳಿಗೆ ಇದೇನು ಸಣ್ಣ ಮಾತೇ? 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಕಾಣಿಸಿಕೊಂಡ ಅಮೃತಶಿಲೆ ಬಣ್ಣದ ಕ್ರೇಫಿಶ್‌ನದು ಇನ್ನೂ ವಿಚಿತ್ರ. ಅದರಲ್ಲಿ ಗಂಡೇ ಇಲ್ಲ. ಒಂದೇ ಒಂದು ಹೆಣ್ಣು ಸಾಕು, ಸಂತಾನಕ್ಕೆ. ಈಗ ಅದು ಮಡಗಾಸ್ಕರ್‌ನ ಗದ್ದೆ, ಕೆರೆಗಳಲ್ಲಿ ಹಬ್ಬಿ ಅಲ್ಲಿನ ಮೂಲ ಕ್ರೇಫಿಶ್‌ಗಳಿಗೆ ಕಂಟಕವಾಗಿದೆ. ನಮ್ಮಲ್ಲಿಯೂ ನಿಷೇಧವಿದ್ದರೂ ಕೆರೆಗಳಿಗೆ ನುಸುಳಿದ ಆಫ್ರಿಕನ್ ಕ್ಯಾಟ್‌ಫಿಶ್‌ನ ಪಾಠ ಕಣ್ಣೆದುರಿಗಿದೆ. ಬಿಡುವುದು ಒಂದು ಕ್ಷಣ. ಹಿಂದಕ್ಕೆ ಪಡೆಯುವುದು ಅಸಾಧ್ಯ.

ಸಾಕಲಾಗದ ಪ್ರಾಣಿಯನ್ನು ಅಂಗಡಿಗೇ ಹಿಂದಿರುಗಿಸುವುದು, ಇಲ್ಲವೇ ಸಾಕಬಲ್ಲ ಇನ್ನೊಬ್ಬರಿಗೆ ಕೊಡುವುದು, ತೊಟ್ಟಿಯ ನೀರನ್ನೂ ಕೆರೆ, ಕಾಲುವೆಗೆ ಚೆಲ್ಲದೆ ಗಿಡಕ್ಕೆ ಹಾಕುವುದು. ಇಷ್ಟನ್ನು ಮನೆಯಲ್ಲಿ ರೂಢಿಸಿದರೆ ಸಾಕು.

ಶಾಲಾ ಪ್ರವಾಸಕ್ಕೆ ತೆರಕಣಾಂಬಿ ಹೇಳಿ ಮಾಡಿಸಿದ ಜಾಗ. ಮೈಸೂರಿನಿಂದ ಊಟಿ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ಬಂದರೆ ಗುಂಡ್ಲುಪೇಟೆ. ಅಲ್ಲಿಂದ ಚಾಮರಾಜನಗರದ ದಾರಿ. ರೈಲಿನಲ್ಲಿ ಬರುವವರು ಚಾಮರಾಜನಗರದಲ್ಲಿ ಇಳಿಯಬಹುದು. ಬೆಳಿಗ್ಗೆ ಮಾರುಕಟ್ಟೆ ಮತ್ತು ವರದರಾಜನ ಗುಡಿ, ಮಧ್ಯಾಹ್ನ ತ್ರಿಯಂಬಕಪುರ, ಸಂಜೆ ಹುಲುಗನಮುರಡಿ. ನಡುವೆ ಅರ್ಧ ಗಂಟೆಯನ್ನು ಕೆರೆಗಾಗಿ ಇಡಬೇಕು. ಕೆರೆಯ ನೀರು, ಬೋರಿನ ನೀರು, ಮಳೆಯ ನೀರು, ಲೀಟರಿಗೆ 12 ಗ್ರಾಂ ಉಪ್ಪು ಬೆರೆಸಿದ ನೀರು. ನಾಲ್ಕರಿಂದಲೂ ಒಂದೊಂದು ಚಮಚವನ್ನು ಬೇರೆಬೇರೆ ಸ್ಟೀಲ್ ತಟ್ಟೆಗಳ ಮೇಲೆ ಬಿಸಿಲಿಗಿಟ್ಟು ಆರಿಸಿದರೆ ಉಳಿಯುವ ಬಿಳಿಯ ಕಲೆಗಳೇ ಪಾಠ ಹೇಳುತ್ತವೆ. ದಂಡೆಯಲ್ಲಿ ಏಡಿಯೊಂದು ಸಿಕ್ಕರೆ ನೋಡಿ, ಅದಿದ್ದಲ್ಲೇ ಬಿಟ್ಟುಬಿಡಬೇಕು. ಅದು ಈ ನೀರಿನದೇ ಜೀವ. ಈ ಕೆರೆಗೆ ಅದರ ಪರಿಚಯವಿದೆ.